ಒಂದೇ ಮುಖ, ಬೇರೆ ಲೆಕ್ಕ: ಮಳೆಕಾಡಿನ ಇಲಿಗಳ ವರ್ಣತಂತುಗಳ ಕತೆ

ಇಲಿ ಅಂದರೆ ಇಲಿ. ನಮ್ಮಲ್ಲಿ ಹೆಚ್ಚಿನವರು ಅಷ್ಟಕ್ಕೇ ನಿಲ್ಲಿಸುತ್ತೇವೆ. ದೊಡ್ಡದಾದರೆ ಹೆಗ್ಗಣ, ಮರದ ಮೇಲೆ ಕಂಡರೆ ಮರದ ಇಲಿ. ಅದಕ್ಕಿಂತ ಹೆಚ್ಚು ವಿಂಗಡಿಸುವ ಗೋಜಿಗೆ ಯಾರೂ ಹೋಗುವುದಿಲ್ಲ. ಇದರಲ್ಲಿ ನಮ್ಮ ತಪ್ಪೇನೂ ಇಲ್ಲ. ಇಲಿಗಳನ್ನೇ ಜೀವನಪೂರ್ತಿ ಅಭ್ಯಾಸ ಮಾಡಿದವರೂ ಈ ವಿಷಯದಲ್ಲಿ ಎಡವಿದ್ದಾರೆ.

ಕೊಡಗನ್ನೇ ತೆಗೆದುಕೊಳ್ಳಿ. ಅಲ್ಲಿನ ಕಾಡಿನಲ್ಲಿ ಮರ ಹತ್ತುವ, ಉದ್ದ ಬಾಲದ ಇಲಿಗಳಿವೆ. ನಮ್ಮ ಅಟ್ಟದ ಮೇಲೆ ಓಡಾಡುವುದು ಕಪ್ಪು ಇಲಿ. ವಿಜ್ಞಾನದಲ್ಲಿ ಅದರ ಹೆಸರು ರಾಟಸ್ ರಾಟಸ್. ಹೆಸರಲ್ಲಿ ಕಪ್ಪು ಇದ್ದರೂ ನಮ್ಮ ಕಡೆ ಅದು ಹೆಚ್ಚಾಗಿ ಕಂದು ಬಣ್ಣದ್ದೇ. ಕಾಡಿನ ಆ ಇಲಿಗಳೂ ಇದೇ ಕಪ್ಪು ಇಲಿಯ ಬಗೆಗಳು ಎಂದು ಬಹಳ ಕಾಲ ಲೆಕ್ಕವಿತ್ತು. ಅವುಗಳಲ್ಲಿ ಒಂದು ಬಗೆಗೆ 1918ರಲ್ಲಿ ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಮಾರ್ಟಿನ್ ಹಿಂಟನ್ ಹೆಸರಿಟ್ಟರು. ಮಾದರಿಗಳು ಬಂದಿದ್ದು ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಿಂದ. ಹಾಗಾಗಿ ಅದು 'ಸಾತಾರೇ' ಆಯಿತು. ಪ್ರತ್ಯೇಕ ಪ್ರಭೇದ ಅಂತ ಅಲ್ಲ, ಕಪ್ಪು ಇಲಿಯ ಒಂದು ಉಪಬಗೆ ಅಂತ.

ಸುಮಾರು 90 ವರ್ಷ ಅದು ಹಾಗೇ ಇತ್ತು. 2011ರಲ್ಲಿ ವಿಜ್ಞಾನಿಗಳ ತಂಡವೊಂದು ದಕ್ಷಿಣ ಭಾರತದಲ್ಲಿ ಒಂದೇ ಪ್ರದೇಶದಲ್ಲಿ ಬದುಕುವ ಈ ಎರಡೂ ಇಲಿಗಳನ್ನು ಅಕ್ಕಪಕ್ಕ ಇಟ್ಟು ನೋಡಿತು. ತಲೆಬುರುಡೆ ಅಳೆಯಿತು, ಡಿಎನ್‌ಎ ಓದಿತು, ವರ್ಣತಂತುಗಳನ್ನು ಎಣಿಸಿತು. ಕಪ್ಪು ಇಲಿಯ ಪ್ರತಿ ಜೀವಕೋಶದಲ್ಲಿ 38 ವರ್ಣತಂತುಗಳು. ಸಾತಾರೇಯಲ್ಲಿ 42. ಡಿಎನ್‌ಎ ಕೂಡ ಅದೇ ಮಾತು ಹೇಳಿತು: ಇವು ಒಂದೇ ಪ್ರಭೇದದ ಎರಡು ಬಗೆಗಳಲ್ಲ, ಬೇರೆ ಬೇರೆ ಪ್ರಭೇದಗಳು.

ಈ 38, 42 ಅನ್ನುವ ಅಂಕಿಗಳಿಗೆ ಅಷ್ಟೊಂದು ತೂಕ ಯಾಕೆ? ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಪ್ರಾಣಿಯ ದೇಹ ಕಟ್ಟುವ ಸೂಚನೆಗಳೆಲ್ಲ ಡಿಎನ್‌ಎಯಲ್ಲಿ ಇರುತ್ತವೆ. ಮನುಷ್ಯನ ಒಂದು ಜೀವಕೋಶದ ಡಿಎನ್‌ಎಯನ್ನು ಬಿಡಿಸಿ ಎಳೆದರೆ ಸುಮಾರು 2 ಮೀಟರ್ ಉದ್ದ. ಅದು ಒಂದೇ ದಾರವಾಗಿ ಇರುವುದಿಲ್ಲ. ತುಂಡು ತುಂಡಾಗಿ, ಪ್ರತಿ ತುಂಡೂ ಸುರುಳಿ ಸುತ್ತಿಕೊಂಡು ಕೂತಿರುತ್ತದೆ. ಆ ಒಂದೊಂದು ತುಂಡೂ ಒಂದು ವರ್ಣತಂತು. ಕೋಶ ಎರಡಾಗಿ ಒಡೆಯುವ ಹೊತ್ತಿಗೆ ಅದು ಬಿಗಿಯಾಗಿ ದಪ್ಪವಾಗುತ್ತದೆ. ಆಗ ಮಾತ್ರ ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಕಡ್ಡಿಯ ಹಾಗೆ, ಎಣಿಸುವ ಹಾಗೆ ಕಾಣುತ್ತದೆ.

ನಮಗೆ 46 ಇವೆ. ಮನೆಯ ಸಣ್ಣ ಇಲಿಗೆ 40. ಪ್ರಯೋಗಾಲಯಗಳಲ್ಲಿ ಸಾಕುವ ಬಿಳಿ ಇಲಿಗೆ 42. ಗಿನಿ ಹಂದಿಗೆ 64. ಹೆಚ್ಚಿದ್ದರೆ ಹೆಚ್ಚು ಬುದ್ಧಿ, ಕಡಿಮೆ ಇದ್ದರೆ ಕಡಿಮೆ ಬುದ್ಧಿ ಅಂತೇನೂ ಇಲ್ಲ. ಒಟ್ಟು ಸರಕಿನಲ್ಲೂ ಅಂಥ ದೊಡ್ಡ ವ್ಯತ್ಯಾಸ ಇರುವುದಿಲ್ಲ. ಮನೆಯ ಲೆಕ್ಕಪತ್ರಗಳನ್ನು 21 ತೆಳು ಪುಸ್ತಕಗಳಲ್ಲಿ ಬರೆದಿಟ್ಟಿದ್ದೀರಿ ಅಂದುಕೊಳ್ಳಿ. ಯಾರೋ ಅವುಗಳಲ್ಲಿ ಎರಡೆರಡನ್ನು ಸೇರಿಸಿ ಬೈಂಡ್ ಮಾಡಿದರೆ ಪುಸ್ತಕಗಳ ಸಂಖ್ಯೆ ಇಳಿಯುತ್ತದೆ. ಒಳಗಿನ ಲೆಕ್ಕ ಒಂದು ಸಾಲೂ ಬದಲಾಗುವುದಿಲ್ಲ. ವರ್ಣತಂತುಗಳ ಸಂಖ್ಯೆ ಬದಲಾಗುವುದೂ ಬಹಳ ಸಲ ಹೀಗೆಯೇ. ಬರಹ ಅದೇ, ಬೈಂಡಿಂಗ್ ಬೇರೆ.

ಹಾಗಾದರೆ ಬೈಂಡಿಂಗ್ ಬದಲಾದರೆ ಏನು ತೊಂದರೆ? ತೊಂದರೆ ಬರುವುದು ಮಕ್ಕಳಾಗುವ ಹೊತ್ತಿಗೆ. ಅಲ್ಲಿಗೆ ಹೋಗುವ ಮುಂಚೆ ಈ ಎಣಿಕೆ ಹೇಗೆ ಮಾಡುತ್ತಾರೆ ಅಂತ ಹೇಳಿಬಿಡುತ್ತೇನೆ. ಅದರಲ್ಲಿ ನಮ್ಮ ಬೇಲಿಯ ಹೂವೊಂದರ ನೆಂಟಸ್ತಿಕೆಯೂ ಇದೆ.

ವರ್ಣತಂತು ಎಣಿಸಲು ಜೀವಂತ ಕೋಶ ಬೇಕು. ಅದೂ ಒಡೆಯುತ್ತಿರುವ ಕೋಶ. ಇಲಿಗಳಲ್ಲಿ ಸಾಮಾನ್ಯವಾಗಿ ಮೂಳೆಯೊಳಗಿನ ಮಜ್ಜೆಯಿಂದ ತೆಗೆಯುತ್ತಾರೆ. ಕೋಶ ಒಡೆಯುವಾಗ ವರ್ಣತಂತುಗಳನ್ನು ಎರಡು ಕಡೆಗೆ ಎಳೆಯುವ ನಾರುಗಳು ಇರುತ್ತವೆ. ಆ ನಾರುಗಳು ಕಟ್ಟಿಕೊಳ್ಳದಂತೆ ತಡೆಯುವ ವಸ್ತು ಕಾಲ್ಚಿಸಿನ್. ಅದನ್ನು ಕೊಟ್ಟರೆ ವರ್ಣತಂತುಗಳು ಎಣಿಸಲು ಸರಿಯಾದ ಸ್ಥಿತಿಯಲ್ಲಿ ನಿಂತುಬಿಡುತ್ತವೆ. ಮಲೆನಾಡಿನ ಬೇಲಿಗಳಲ್ಲಿ ಮಳೆಗಾಲದಲ್ಲಿ ಅರಳುವ, ಬೆಂಕಿಯ ನಾಲಗೆಯಂಥ ಅಗ್ನಿಶಿಖೆ ಇದೆಯಲ್ಲ, ಕೆಲವರು ಗೌರಿ ಹೂ ಅನ್ನುತ್ತಾರೆ, ಅದರ ಗಡ್ಡೆ ವಿಷ ಆಗಿರುವುದು ಇದೇ ಕಾಲ್ಚಿಸಿನ್‌ನಿಂದ.

ಆಮೇಲೆ ಕೋಶಗಳನ್ನು ಉಪ್ಪಿನಂಶ ಕಡಿಮೆ ಇರುವ ದ್ರಾವಣದಲ್ಲಿ ನೆನೆಸಬೇಕು. ನೀರು ಒಳಗೆ ನುಗ್ಗಿ ಕೋಶ ಉಬ್ಬುತ್ತದೆ. ಒತ್ತೊತ್ತಾಗಿದ್ದ ವರ್ಣತಂತುಗಳು ಹರಡಿಕೊಳ್ಳುತ್ತವೆ. ಈ ಉಪಾಯ ಸಿಕ್ಕಿದ್ದು ಒಂದು ತಪ್ಪಿನಿಂದ. 1950ರ ದಶಕದ ಆರಂಭದಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಟಿ. ಸಿ. ಸೂ ಎಂಬ ವಿಜ್ಞಾನಿಯ ಕೋಶಗಳು ಆಕಸ್ಮಿಕವಾಗಿ ನೀರು ಜಾಸ್ತಿಯಾದ ದ್ರಾವಣದಲ್ಲಿ ಬಿದ್ದವು. ಅವರ ಕಣ್ಣಿಗೆ ಮೊದಲ ಬಾರಿ ವರ್ಣತಂತುಗಳು ಬಿಡಿಬಿಡಿಯಾಗಿ ಕಂಡವು. ಅಲ್ಲಿಯವರೆಗೆ ಮನುಷ್ಯನಿಗೆ 48 ವರ್ಣತಂತು ಎಂದೇ ಪಾಠ ಹೇಳುತ್ತಿದ್ದರು. 1956ರಲ್ಲಿ ಜೋ ಹಿನ್ ಟಿಜಿಯೋ ಮತ್ತು ಆಲ್ಬರ್ಟ್ ಲೆವಾನ್ ಸರಿಯಾಗಿ ಎಣಿಸಿ 46 ಎಂದರು. ನಮ್ಮದೇ ಲೆಕ್ಕ ನಮಗೆ ಅಷ್ಟು ತಡವಾಗಿ ಗೊತ್ತಾಯಿತು. ಇನ್ನು ಕಾಡಿನ ಇಲಿಗಳ ಸರದಿ ಬಂದಿದ್ದು ಹೆಚ್ಚಾಗಿ 1960, 70ರ ದಶಕಗಳಲ್ಲಿ. ನಮ್ಮ ಮೈಸೂರು ವಿಶ್ವವಿದ್ಯಾನಿಲಯದಲ್ಲೂ ಆ ಕಾಲದಲ್ಲಿ ಹೊಲದ ಪುಟ್ಟ ಇಲಿಗಳ ವರ್ಣತಂತುಗಳ ಮೇಲೆ ಕೆಲಸ ನಡೆಯಿತು.

ಈಗ ಬೈಂಡಿಂಗ್ ವಿಷಯಕ್ಕೆ ಬರೋಣ. ಪ್ರತಿ ವರ್ಣತಂತುವಿಗೂ ಒಂದು ಗಂಟಿನಂಥ ಜಾಗ ಇರುತ್ತದೆ. ಅದರ ಹೆಸರು ಸೆಂಟ್ರೋಮಿಯರ್. ಕೋಶ ಒಡೆಯುವಾಗ ಎಳೆಯುವ ನಾರುಗಳು ಹಿಡಿಯುವುದು ಇದನ್ನೇ. ಕೆಲವು ವರ್ಣತಂತುಗಳಲ್ಲಿ ಈ ಗಂಟು ನಡುವೆ ಇರುತ್ತದೆ, ಕೆಲವದರಲ್ಲಿ ತುದಿಯಲ್ಲಿ. ತುದಿಯಲ್ಲಿ ಗಂಟಿರುವ ಎರಡು ವರ್ಣತಂತುಗಳು ಆ ತುದಿಯಲ್ಲೇ ಬೆಸೆದುಕೊಂಡರೆ ನಡುವೆ ಗಂಟಿರುವ ಒಂದು ದೊಡ್ಡ ವರ್ಣತಂತು ಆಗುತ್ತದೆ. 1916ರಲ್ಲಿ ಮಿಡತೆಗಳಲ್ಲಿ ಇದನ್ನು ಗುರುತಿಸಿದವರು ರಾಬರ್ಟ್‌ಸನ್. ಹಾಗಾಗಿ ಇದಕ್ಕೆ ರಾಬರ್ಟ್‌ಸನ್ ಬೆಸುಗೆ ಎಂದೇ ಹೆಸರು. ನಮ್ಮ ಮೈಯಲ್ಲೂ ಒಂದು ಹಳೆಯ ಬೆಸುಗೆಯ ಗುರುತಿದೆ. ಚಿಂಪಾಂಜಿ, ಗೊರಿಲ್ಲಾಗಳಿಗೆ 48 ವರ್ಣತಂತು. ನಮ್ಮ ಪೂರ್ವಜರಲ್ಲಿ ಎರಡು ವರ್ಣತಂತುಗಳು ತುದಿಗೆ ತುದಿ ಸೇರಿ ಈಗಿನ ನಮ್ಮ ಎರಡನೇ ವರ್ಣತಂತು ಆಯಿತು. ಜೋಡಿ ಲೆಕ್ಕದಲ್ಲಿ 48 ಹೋಗಿ 46.

ಕಪ್ಪು ಇಲಿಯ ಕತೆ ಇದಕ್ಕಿಂತ ಸೊಗಸಾಗಿದೆ. ನನಗೆ ಈ ವಿಷಯದಲ್ಲಿ ಮೊದಲು ಆಸೆ ಹುಟ್ಟಿಸಿದ್ದೇ ಅದು.

ಜಪಾನಿನ ಮಿಶಿಮಾದಲ್ಲಿ ರಾಷ್ಟ್ರೀಯ ತಳಿವಿಜ್ಞಾನ ಸಂಸ್ಥೆ ಇದೆ. ಅಲ್ಲಿ ತೋಸಿಹಿದೆ ಯೋಸಿದಾ ಮತ್ತು ಅವರ ಜೊತೆಗಾರರು ಬೇರೆ ಬೇರೆ ದೇಶಗಳ ಕಪ್ಪು ಇಲಿಗಳನ್ನು ತರಿಸಿ, ಹಿಡಿಸಿ, ವರ್ಣತಂತು ಎಣಿಸುತ್ತಾ ಹೋದರು. ಪೂರ್ವ ಮತ್ತು ಆಗ್ನೇಯ ಏಷ್ಯಾದ ಇಲಿಗಳಲ್ಲಿ 42 ಇದ್ದವು. ಶ್ರೀಲಂಕಾದ ಇಲಿಗಳಲ್ಲಿ 40. ದಕ್ಷಿಣ ಭಾರತದ ಇಲಿಗಳಲ್ಲಿ 38. ವಿಚಿತ್ರ ಏನೆಂದರೆ ಯುರೋಪ್, ಅಮೆರಿಕ, ಆಸ್ಟ್ರೇಲಿಯಾದ ಇಲಿಗಳಲ್ಲೂ 38.

ವರ್ಣತಂತುಗಳಿಗೆ ಬಣ್ಣ ಹಾಕಿದರೆ ಅಡ್ಡ ಪಟ್ಟೆಗಳು ಮೂಡುತ್ತವೆ. ಸೀರೆಯ ಅಂಚು ನೋಡಿ ಊರು ಹೇಳುವ ಹಾಗೆ, ಈ ಪಟ್ಟೆ ನೋಡಿ ಯಾವ ವರ್ಣತಂತು ಎಂದು ಹೇಳಬಹುದು. ಹಾಗೆ ನೋಡಿದಾಗ ಗೊತ್ತಾಗಿದ್ದು ಇದು. ಶ್ರೀಲಂಕಾದ ಇಲಿಯಲ್ಲಿ 11 ಮತ್ತು 12ನೇ ವರ್ಣತಂತುಗಳು ಬೆಸೆದುಕೊಂಡಿವೆ. ದಕ್ಷಿಣ ಭಾರತದ ಇಲಿಯಲ್ಲಿ ಆ ಬೆಸುಗೆಯೂ ಇದೆ, ಜೊತೆಗೆ 4 ಮತ್ತು 7 ಕೂಡ ಸೇರಿವೆ. ಒಂದು ಬೆಸುಗೆಗೆ ಒಂದು ಜೋಡಿ ಕಡಿಮೆ. 42, 40, 38. ಮೆಟ್ಟಿಲಿನ ಹಾಗೆ ಇಳಿಯುತ್ತದೆ. ನಡುವಿನ ಮೆಟ್ಟಿಲು ಶ್ರೀಲಂಕಾದಲ್ಲಿ ಇನ್ನೂ ಉಳಿದಿದೆ.

ಜಗತ್ತಿನ ಅಷ್ಟೆಲ್ಲ ಬಂದರುಗಳಲ್ಲಿ 38ರ ಇಲಿ ಇರುವುದಕ್ಕೆ ಕಾರಣ ಇಷ್ಟೇ: ಅದು ಇಲ್ಲಿಂದ ಹೋಗಿದ್ದು. ದಕ್ಷಿಣ ಭಾರತದ ಮರದ ಇಲಿ ಮನುಷ್ಯನ ಕಣಜಕ್ಕೆ ಹೊಂದಿಕೊಂಡಿತು. ಕಣಜದಿಂದ ಹಡಗಿಗೆ, ಹಡಗಿನಿಂದ ಪಶ್ಚಿಮದ ಬಂದರುಗಳಿಗೆ. 2022ರಲ್ಲಿ ಹಳೆಯ ಇಲಿ ಮೂಳೆಗಳ ಡಿಎನ್‌ಎ ಓದಿದ ಅಧ್ಯಯನವೊಂದು ಯುರೋಪಿಗೆ ಕಪ್ಪು ಇಲಿ ಎರಡು ಸಲ ಬಂದಿತ್ತು ಎಂದು ತೋರಿಸಿತು. ಒಮ್ಮೆ ರೋಮನ್ನರ ಕಾಲದಲ್ಲಿ, ಇನ್ನೊಮ್ಮೆ ಮಧ್ಯಯುಗದಲ್ಲಿ. ಏಷ್ಯಾದ 42ರ ಇಲಿಯನ್ನು ಈಗ ಬೇರೆ ಪ್ರಭೇದವಾಗಿ, ರಾಟಸ್ ಟನೆಝುಮಿ ಎಂದು ಕರೆಯುತ್ತಾರೆ.

ಯೋಸಿದಾ ತಂಡ ಎಣಿಸಿ ಸುಮ್ಮನಾಗಲಿಲ್ಲ. 42ರ ಇಲಿಗೂ 38ರ ಇಲಿಗೂ ಜೋಡಿ ಮಾಡಿಸಿ ನೋಡಿತು. ಮರಿಗಳು ಹುಟ್ಟಿದವು. ಆದರೆ ಆ ಮರಿಗಳು ದೊಡ್ಡವಾದ ಮೇಲೆ ಅವುಗಳಿಗೆ ಸಂತಾನವಾಗುವುದು ಬಹಳ ಕಷ್ಟವಾಯಿತು. ಯಾಕೆ ಅನ್ನುವುದೇ ಈ ಇಡೀ ವಿಷಯದ ತಿರುಳು.

ಪ್ರತಿ ಪ್ರಾಣಿಯಲ್ಲೂ ವರ್ಣತಂತುಗಳು ಜೋಡಿಯಾಗಿರುತ್ತವೆ. ಒಂದು ಅಪ್ಪನದು, ಒಂದು ಅಮ್ಮನದು. ವೀರ್ಯಾಣು ಅಥವಾ ಅಂಡಾಣು ತಯಾರಾಗುವಾಗ ಪ್ರತಿ ವರ್ಣತಂತುವೂ ತನ್ನ ಜೋಡಿಯನ್ನು ಹುಡುಕಿ ಪಕ್ಕದಲ್ಲಿ ನಿಲ್ಲಬೇಕು. ಆಮೇಲೆ ಒಂದು ಈ ಕಡೆ, ಇನ್ನೊಂದು ಆ ಕಡೆ. ಹೀಗೆ ಅರ್ಧ ಸರಕು ಮಾತ್ರ ಮುಂದಿನ ಪೀಳಿಗೆಗೆ ಹೋಗುತ್ತದೆ.

ಮಿಶ್ರ ಮರಿಗೆ 42ರ ಕಡೆಯಿಂದ 21 ಬಂದಿವೆ, 38ರ ಕಡೆಯಿಂದ 19. ಒಟ್ಟು 40. ಬದುಕಲು ಇದು ಸಾಕು. ಸೂಚನೆಗಳೆಲ್ಲ ಪೂರ್ತಿ ಇವೆ. ಮರಿ ಆರೋಗ್ಯವಾಗೇ ಇರುತ್ತದೆ. ಜೋಡಿ ನಿಲ್ಲುವ ಹೊತ್ತು ಬಂದಾಗ ಮಾತ್ರ ಇಕ್ಕಟ್ಟು. 17 ಜೋಡಿಗಳು ಸಲೀಸಾಗಿ ನಿಲ್ಲುತ್ತವೆ. 11-12ರ ಬೆಸುಗೆ ವರ್ಣತಂತುವಿನ ಎದುರು ಬಿಡಿ 11, ಬಿಡಿ 12 ಎರಡೂ ಬರಬೇಕು. ಅಂದರೆ ಮೂರು ಸೇರಿ ಒಂದು ಗುಂಪು. 4-7ರ ವಿಷಯದಲ್ಲೂ ಹಾಗೆಯೇ. ಮೂರನ್ನು ಎರಡು ಕಡೆ ಸರಿಯಾಗಿ ಹಂಚಬೇಕಾದರೆ ಬೆಸುಗೆಯದು ಒಂದು ಕಡೆ, ಬಿಡಿಯ ಎರಡೂ ಇನ್ನೊಂದು ಕಡೆ ಹೋಗಬೇಕು. ಎಷ್ಟೋ ಸಲ ಹಾಗಾಗುವುದಿಲ್ಲ. ಒಂದು ಕೋಶಕ್ಕೆ 11 ಎರಡು ಪ್ರತಿ, ಇನ್ನೊಂದಕ್ಕೆ ಒಂದೂ ಇಲ್ಲ. ಅಂಥ ಅಂಡಾಣುವಿನಿಂದ, ವೀರ್ಯಾಣುವಿನಿಂದ ಭ್ರೂಣ ಬೆಳೆಯುವುದಿಲ್ಲ. ಕೆಲವು ಸಲ ಜೋಡಿ ಹುಡುಕುವ ಹಂತದಲ್ಲೇ ಕೋಶ ಕೈಚೆಲ್ಲಿ ಸತ್ತುಹೋಗುತ್ತದೆ.

ಹೀಗೆ ಎರಡು ಇಲಿಗಳ ನಡುವೆ ನದಿ ಇಲ್ಲ, ಬೆಟ್ಟ ಇಲ್ಲ, ಬೇಲಿ ಇಲ್ಲ. ಗೋಡೆ ಇರುವುದು ಕೋಶದ ಒಳಗೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಕೊಡಗಿನ ಸಾತಾರೇಗೂ 42, ಏಷ್ಯಾದ ಟನೆಝುಮಿಗೂ 42. ಹಾಗಾದರೆ ಅವೆರಡೂ ಒಂದೇ ಅಲ್ವಾ? ಅಲ್ಲ. ಪ್ರಯೋಗಾಲಯದ ಬಿಳಿ ಇಲಿಗೂ 42, ನಮ್ಮ ಗದ್ದೆ ಬದುಗಳಲ್ಲಿ ಬಿಲ ತೋಡುವ ಸಣ್ಣ ಹೆಗ್ಗಣಕ್ಕೂ 42. ಅದು ಈ ಬಳಗದ ಹಳೆಯ ಅಂಕಿ. ಅಜ್ಜನ ಕಾಲದ ಮನೆ ಹೆಸರನ್ನು ಮೊಮ್ಮಕ್ಕಳೆಲ್ಲ ಇಟ್ಟುಕೊಂಡ ಹಾಗೆ. ಹಳೆಯದನ್ನು ಉಳಿಸಿಕೊಂಡವರು ಪರಸ್ಪರ ಹತ್ತಿರದವರು ಎಂದು ಹೇಳಲು ಬರುವುದಿಲ್ಲ. ಹೊಸ ಬದಲಾವಣೆಯನ್ನು ಹಂಚಿಕೊಂಡಿದ್ದರೆ ಮಾತ್ರ ಹತ್ತಿರದ ನೆಂಟಸ್ತಿಕೆ ಹೇಳಬಹುದು. 11-12ರ ಬೆಸುಗೆ ಅಂಥದ್ದು.

ಆದ್ದರಿಂದ ಅಂಕಿಯ ಜೊತೆಗೆ ಡಿಎನ್‌ಎಯ ಅಕ್ಷರಗಳನ್ನೂ ಓದಬೇಕು. ಇದು ಈಗ ಸುಲಭ. ಕಿವಿಯ ಅಂಚಿನ ಚೂರು ಚರ್ಮ ಸಾಕು. ಇಲಿಯನ್ನು ವಾಪಸ್ ಬಿಡಬಹುದು. ಸಂಗ್ರಹಾಲಯದ ನೂರು ವರ್ಷ ಹಳೆಯ ಚರ್ಮದಿಂದಲೂ ಡಿಎನ್‌ಎ ಸಿಗುತ್ತದೆ. ಬಹಳ ಅಧ್ಯಯನಗಳು ಕೋಶಕ್ಕೆ ಶಕ್ತಿ ಒದಗಿಸುವ ಪುಟ್ಟ ಭಾಗವಾದ ಮೈಟೊಕಾಂಡ್ರಿಯಾದ ಡಿಎನ್‌ಎಯಿಂದ ಶುರುವಾಗುತ್ತವೆ, ಯಾಕೆಂದರೆ ಅದು ಕೋಶದಲ್ಲಿ ಹೇರಳ. ಆದರೆ ಅದು ಬರುವುದು ತಾಯಿಯಿಂದ ಮಾತ್ರ. ಹಿಂದೆ ಯಾವಾಗಲೋ ಎರಡು ಪ್ರಭೇದಗಳ ನಡುವೆ ಬೆರಕೆ ಆಗಿದ್ದರೆ, ಇಲಿ ಒಂದು ಪ್ರಭೇದದ್ದು, ಮೈಟೊಕಾಂಡ್ರಿಯಾ ಇನ್ನೊಂದರದ್ದು ಆಗಿರಬಹುದು. ಆಗ್ನೇಯ ಏಷ್ಯಾದ ಕಪ್ಪು ಇಲಿಗಳ ಬಳಗದಲ್ಲಿ ಇಂಥ ಗೊಂದಲ ನಿಜವಾಗಿ ಕಂಡುಬಂದಿದೆ. ಅದೂ ಅಲ್ಲದೆ ಡಿಎನ್‌ಎ ಚೂರುಗಳನ್ನು ಓದಿದರೆ ಬರಹ ಸಿಗುತ್ತದೆ, ಬೈಂಡಿಂಗ್ ಕಾಣುವುದಿಲ್ಲ. ಕಾಡಿಗೆ ಹೋಗಿ, ಜೀವಂತ ಕೋಶ ತಂದು, ಗಾಜಿನ ಮೇಲೆ ಹರಡಿ ಎಣಿಸುವ ಹಳೆಯ ಕೆಲಸಕ್ಕೆ ಬೆಲೆ ಕಡಿಮೆಯಾಗಿಲ್ಲ.

ಈಗ ಅಮೆಜಾನ್‌ಗೆ ಹೋಗೋಣ. ಇಡೀ ಜಗತ್ತಿನಲ್ಲಿ ಸಸ್ತನಿಗಳ ಪ್ರಭೇದ ಸುಮಾರು 6,500. ಅದರಲ್ಲಿ ಶೇ. 40ರಷ್ಟು ದಂಶಕಗಳು, ಅಂದರೆ ಇಲಿ, ಅಳಿಲು, ಮುಳ್ಳುಹಂದಿಗಳ ಬಳಗ. ಅಮೆಜಾನ್ ಕಾಡಿನ ನೆಲದ ಮೇಲೆ ತುಂಬಾ ಸಾಮಾನ್ಯವಾಗಿ ಸಿಗುವುದು ಪ್ರೊಎಕಿಮಿಸ್ ಎಂಬ ಕುಲದ ಮುಳ್ಳಿಲಿ. ಹೆಸರಿಗೆ ಮುಳ್ಳು, ನಿಜಕ್ಕೂ ಅದು ಗಡಸು ಕೂದಲು. ಕಂದು ಬೆನ್ನು, ಬಿಳಿ ಹೊಟ್ಟೆ. ಒಂದನ್ನು ಕಂಡರೆ ಎಲ್ಲವನ್ನೂ ಕಂಡ ಹಾಗೆ. ತಜ್ಞರೂ ತಲೆಬುರುಡೆಯ ಸಣ್ಣ ರಂಧ್ರಗಳ ಆಕಾರ, ಗಂಡಿನ ಶಿಶ್ನದ ಮೂಳೆಯ ಆಕಾರ ಇವುಗಳನ್ನೆಲ್ಲ ಹುಡುಕಿ ವಿಂಗಡಿಸಬೇಕಾಯಿತು.

ಒಳಗಿನ ಲೆಕ್ಕ ನೋಡಿದರೆ ಬೆರಗಾಗುತ್ತದೆ. ಈ ಒಂದೇ ಕುಲದಲ್ಲಿ ವರ್ಣತಂತುಗಳ ಸಂಖ್ಯೆ 14ರಿಂದ 62ರವರೆಗೆ ಹರಡಿದೆ. ಸ್ಟೀರೈ ಎಂಬ ಪ್ರಭೇದಕ್ಕೆ 24, ಕುವಿಯೆರಿಗೆ 28, ಸೈಮನ್ಸಿಗೆ 32, ಕುಲಿನೇಗೆ 34. ಕುಲಿನೇ ಎಂಬ ಹೆಸರು ಜುರುವಾ ನದಿಯ ದಂಡೆಯ ಕುಲಿನಾ ಜನರ ನೆನಪಿಗೆ ಇಟ್ಟಿದ್ದು. ಅದನ್ನೂ ಸೇರಿಸಿ ನಾಲ್ಕು ಹೊಸ ಪ್ರಭೇದಗಳನ್ನು ಬ್ರೆಜಿಲ್‌ನ ಮರಿಯಾ ನಜರೆತ್ ದ ಸಿಲ್ವಾ 1998ರಲ್ಲಿ ವಿವರಿಸಿದರು. ಅಷ್ಟು ಸಾಮಾನ್ಯವಾದ ಇಲಿ, ಬೋನಿಗೆ ದಿನಾ ಬೀಳುವ ಇಲಿ, 1998ರವರೆಗೆ ಹೆಸರಿಲ್ಲದೆ ಇತ್ತು.

ಈ ಹೊಸ ಪ್ರಭೇದಗಳ ಹಿಂದೆ 1991–92ರಲ್ಲಿ ಜುರುವಾ ನದಿಯ ಉದ್ದಕ್ಕೂ ನಡೆದ ಒಂದು ದೊಡ್ಡ ಸಮೀಕ್ಷೆ ಇದೆ. ಅಮೆರಿಕದ ಜೇಮ್ಸ್ ಪ್ಯಾಟನ್ ಮತ್ತು ದ ಸಿಲ್ವಾ ಅದರಲ್ಲಿ ಮುಖ್ಯರು. ಅವರ ಮುಂದೆ ಒಂದು ಹಳೆಯ ಪ್ರಶ್ನೆ ಇತ್ತು. 1852ರಲ್ಲೇ ಆಲ್‌ಫ್ರೆಡ್ ರಸೆಲ್ ವಾಲೇಸ್ ಅಮೆಜಾನ್‌ನ ದೊಡ್ಡ ನದಿಗಳೇ ಪ್ರಾಣಿಗಳ ಗಡಿ ಎಂದಿದ್ದರು. ಈ ದಡದ ಕೋತಿ ಬೇರೆ, ಆ ದಡದ ಕೋತಿ ಬೇರೆ. ಇಲಿಗಳಿಗೂ ಹಾಗೆಯೇ ಇರಬೇಕು ಅಲ್ವಾ?

ಸಮೀಕ್ಷೆಯಲ್ಲಿ ಬೇರೆಯದೇ ಕಂಡಿತು. ಎಷ್ಟೋ ಇಲಿಗಳಲ್ಲಿ ಎದುರು ದಡಗಳ ನಡುವೆ ಹೆಚ್ಚು ವ್ಯತ್ಯಾಸವೇ ಇರಲಿಲ್ಲ. ದೊಡ್ಡ ಬಿರುಕು ಇದ್ದಿದ್ದು ನದಿಯ ಮೇಲ್ಭಾಗಕ್ಕೂ ಕೆಳಭಾಗಕ್ಕೂ ನಡುವೆ. ಈಗ ಅಲ್ಲಿ ಕಣ್ಣಿಗೆ ಕಾಣುವ ತಡೆ ಏನೂ ಇಲ್ಲ. ಆದರೆ ನೆಲದ ಅಡಿಯಲ್ಲಿ ಭೂಮಿ ಉಬ್ಬಿದ ಒಂದು ಹಳೆಯ ದಿಣ್ಣೆ ಇದೆ, ಇಕಿಟೋಸ್ ಕಮಾನು ಎನ್ನುತ್ತಾರೆ. ಲಕ್ಷಾಂತರ ವರ್ಷಗಳ ಹಿಂದೆ ಅದು ಎರಡು ಜಲಾನಯನಗಳನ್ನು ಬೇರೆ ಮಾಡಿತ್ತು. ಆ ದಿಣ್ಣೆ ಮಣ್ಣಿನಡಿ ಹೂತುಹೋಯಿತು. ಇಲಿಗಳ ಡಿಎನ್‌ಎಯಲ್ಲಿ ಅದರ ಗೆರೆ ಉಳಿದಿದೆ. ಭೂಗರ್ಭದ ಇತಿಹಾಸವನ್ನು ಒಂದು ಮುಷ್ಟಿಗಾತ್ರದ ಪ್ರಾಣಿ ಹೊತ್ತುಕೊಂಡು ತಿರುಗುತ್ತಿದೆ ಅನ್ನುವುದು ನನಗೆ ಇವತ್ತಿಗೂ ಆಶ್ಚರ್ಯ.

ನದಿ ಯಾಕೆ ತಡೆಯಾಗಲಿಲ್ಲ? ಜುರುವಾದಂಥ ನದಿಗಳು ಬಯಲಲ್ಲಿ ಹಾವಿನ ಹಾಗೆ ಹರಿಯುತ್ತವೆ. ಒಂದು ಮಳೆಗಾಲದಲ್ಲಿ ತಿರುವನ್ನು ಕತ್ತರಿಸಿ ನೇರ ದಾರಿ ಹಿಡಿಯುತ್ತವೆ. ಆಗ ಈ ದಡದ ಒಂದು ತುಂಡು ಕಾಡು, ಅದರೊಳಗಿನ ಇಲಿಗಳ ಸಮೇತ, ಆ ದಡಕ್ಕೆ ಸೇರಿಹೋಗುತ್ತದೆ. ಇಲಿ ಈಜಬೇಕಾಗಿಲ್ಲ. ನದಿಯೇ ಜಾಗ ಬದಲಾಯಿಸಿತು. ಪ್ರವಾಹದ ನೀರು ನಿಲ್ಲುವ ತಗ್ಗು ಕಾಡಿನ ಇಲಿಗಳಿಗೆ ಇದು ಇನ್ನೂ ಸುಲಭ.

ವೆನಿಜುವೆಲಾದ ಉತ್ತರದಲ್ಲಿ ಮುಳ್ಳಿಲಿಗಳ ಇನ್ನೊಂದು ಗುಂಪು ಇದೆ, ಗ್ವಾಯ್ರೇ ಎಂದು. ಅಲ್ಲಿ ಒಂದು ಕಣಿವೆಯಿಂದ ಇನ್ನೊಂದಕ್ಕೆ ಹೋದ ಹಾಗೆ ಸಂಖ್ಯೆ ಬದಲಾಗುತ್ತದೆ. 42ರಿಂದ ಶುರುವಾಗಿ 62ರವರೆಗೆ. ಒಸ್ವಾಲ್ಡೋ ರೇಗ್ ಮತ್ತು ಸಂಗಡಿಗರು ಇದನ್ನು 1970, 80ರ ದಶಕಗಳಲ್ಲಿ ಬಿಡಿಸಿ ತೋರಿಸಿದರು. ಪ್ರಭೇದಗಳು ಬೇರೆಯಾಗುತ್ತಿರುವುದನ್ನು ಹಂತ ಹಂತವಾಗಿ ನಕ್ಷೆಯ ಮೇಲೆ ಬಿಡಿಸಿಟ್ಟ ಹಾಗಿದೆ.

ಒಂದು ಪ್ರಶ್ನೆ ನಿಮ್ಮ ತಲೆಯಲ್ಲೂ ಬಂದಿರಬಹುದು. ಬೆಸುಗೆ ಇರುವ ಇಲಿಗೆ ಸಂತಾನ ಕಷ್ಟ ಅಂತಾದರೆ, ಮೊದಲ ಬೆಸುಗೆಯ ಇಲಿ ಉಳಿದಿದ್ದು ಹೇಗೆ? ಅದರ ಸುತ್ತ ಇದ್ದಿದ್ದೆಲ್ಲ ಬೆಸುಗೆ ಇಲ್ಲದ ಇಲಿಗಳೇ ತಾನೆ?

ಒಂದೇ ಬೆಸುಗೆ ಆದರೆ ನಷ್ಟ ಬಹಳ ಸಲ ಚಿಕ್ಕದು. ಮೂರರ ಒಂದು ಗುಂಪನ್ನು ಕೋಶ ಸಂಭಾಳಿಸುತ್ತದೆ. ಇಲಿಗಳು ಬೇಗ ಬೇಗ ಮರಿ ಹಾಕುತ್ತವೆ, ಒಂದು ಸೂಲಿಗೆ ಹಲವು. ಎರಡು ಭ್ರೂಣ ನಷ್ಟವಾದರೂ ಉಳಿದವು ಬೆಳೆಯುತ್ತವೆ. ಇನ್ನು ಕಾಡಿನ ಇಲಿಗಳು ಸಣ್ಣ ಸಣ್ಣ ಗುಂಪುಗಳಲ್ಲಿ, ದೂರ ಹೋಗದೆ ಬದುಕುತ್ತವೆ. ಒಂದು ಕಣಿವೆಯಲ್ಲಿ ಹತ್ತಿಪ್ಪತ್ತು ಇಲಿ ಉಳಿದ ಕೆಟ್ಟ ವರ್ಷದಲ್ಲಿ ಅಪರೂಪದ ಬೆಸುಗೆಯೇ ಅದೃಷ್ಟದಿಂದ ಎಲ್ಲರದ್ದೂ ಆಗಿಬಿಡಬಹುದು.

ಇನ್ನೊಂದು ಕಾರಣ ಹೆಣ್ಣಿನ ದೇಹದಲ್ಲಿದೆ. ಅಂಡಾಣು ತಯಾರಾಗುವಾಗ ನಾಲ್ಕು ಪಾಲಿನಲ್ಲಿ ಒಂದು ಪಾಲು ಮಾತ್ರ ಅಂಡವಾಗುತ್ತದೆ. ಉಳಿದವು ಒಣಗಿಹೋಗುತ್ತವೆ. ಆ ಒಂದು ಪಾಲಿನೊಳಗೆ ಸೇರುವ ಅವಕಾಶ ಎಲ್ಲ ವರ್ಣತಂತುಗಳಿಗೂ ಸಮ ಇರಬೇಕು. ಆದರೆ ಸೆಂಟ್ರೋಮಿಯರ್ ಗಟ್ಟಿಯಾಗಿದ್ದ ವರ್ಣತಂತು ಹೆಚ್ಚು ಸಲ ಒಳಗೆ ನುಸುಳುತ್ತದೆ. ಬೆಸುಗೆಯ ವರ್ಣತಂತುವಿಗೆ ಈ ಅನುಕೂಲ ಸಿಕ್ಕಿಬಿಟ್ಟರೆ, ಪ್ರಾಣಿಗೆ ಅದರಿಂದ ಲಾಭವಿಲ್ಲದಿದ್ದರೂ, ಪೀಳಿಗೆಯಿಂದ ಪೀಳಿಗೆಗೆ ಅದು ಹೆಚ್ಚುತ್ತಾ ಹೋಗುತ್ತದೆ.

ಇದೆಲ್ಲ ಎಷ್ಟು ಬೇಗ ಆಗಬಹುದು ಅಂತ ತಿಳಿಯಲು ಮಳೆಕಾಡು ಬಿಟ್ಟು ಒಂದು ದ್ವೀಪಕ್ಕೆ ಹೋಗಬೇಕು. ಅಟ್ಲಾಂಟಿಕ್‌ನ ಮದೀರಾಕ್ಕೆ ಪೋರ್ಚುಗೀಸರು ನೆಲೆಸಲು ಬಂದಿದ್ದು 15ನೇ ಶತಮಾನದಲ್ಲಿ. ಮನೆಯ ಸಣ್ಣ ಇಲಿಯ ಮೂಲ ಲೆಕ್ಕ 40. ಆ ಬೆಟ್ಟಗುಡ್ಡದ ದ್ವೀಪದ ಒಂದೊಂದು ಕಣಿವೆಯಲ್ಲಿ ಈಗ ಒಂದೊಂದು ಲೆಕ್ಕ. 22ರಿಂದ 30ರವರೆಗೆ, ಒಟ್ಟು ಆರು ಬಗೆ. 2000ದಲ್ಲಿ ಪ್ರಕಟವಾದ ಈ ಅಧ್ಯಯನ ಎಲ್ಲರನ್ನೂ ಬೆಚ್ಚಿಬೀಳಿಸಿತು. ಅಲ್ಲಿ ಒಂದು ಕಣಿವೆಯ ಬೆಸುಗೆ ಇನ್ನೊಂದರದ್ದಕ್ಕಿಂತ ಬೇರೆ. ಒಂದು ಕಡೆ ಮೂರು ಮತ್ತು ಎಂಟು ಸೇರಿದ್ದರೆ, ಇನ್ನೊಂದು ಕಡೆ ಮೂರು ಮತ್ತು ಹದಿನಾಲ್ಕು ಸೇರಿರಬಹುದು. ಇಂಥ ಎರಡು ಇಲಿಗಳ ಮರಿಯಲ್ಲಿ ಮೂರಕ್ಕೆ ಮೂರು, ಎಂಟಕ್ಕೆ ಎಂಟು ಹುಡುಕುತ್ತಾ ವರ್ಣತಂತುಗಳು ಕೈ ಕೈ ಹಿಡಿದು ಉದ್ದ ಸರಪಳಿಯೇ ಆಗುತ್ತದೆ. ಅದನ್ನು ಸರಿಯಾಗಿ ಹಂಚುವುದು ಅಸಾಧ್ಯದ ಹತ್ತಿರ. ಯಾವ ಕಣಿವೆಗೂ ತನ್ನ ಬೆಸುಗೆಯಿಂದ ನಷ್ಟವಾಗಿಲ್ಲ. ಇಬ್ಬರು ಸೇರಿದಾಗ ಮಾತ್ರ ಬಾಗಿಲು ಮುಚ್ಚುತ್ತದೆ.

ವರ್ಣತಂತು ಬದಲಾದದ್ದರಿಂದ ಪ್ರಭೇದ ಬೇರೆಯಾಯಿತೋ, ಬೇರೆಯಾಗಿ ಬದುಕಿದ್ದರಿಂದ ವರ್ಣತಂತು ಬದಲಾಯಿತೋ ಅನ್ನುವ ಜಗಳ ವಿಜ್ಞಾನಿಗಳಲ್ಲಿ ಮುಗಿದಿಲ್ಲ. ಎರಡೂ ಆಗುತ್ತದೆ, ಒಂದೊಂದು ಕಡೆ ಒಂದೊಂದು ಮುಂದೆ ನಿಲ್ಲುತ್ತದೆ ಎಂದು ನನಗೆ ಅನ್ನಿಸುತ್ತದೆ.

ಲೆಕ್ಕಗಳ ಎರಡು ತುದಿಗಳನ್ನೂ ಹೇಳಿಬಿಡಬೇಕು. ಬ್ರೆಜಿಲ್‌ನ ಒಂದು ಅಕೋಡಾನ್ ಇಲಿಗೆ ಬರೀ 10 ವರ್ಣತಂತು. ಅರ್ಜೆಂಟೀನಾದ ಒಣ ಉಪ್ಪು ನೆಲದ ಕೆಂಪು ವಿಸ್ಕಾಚಾ ಇಲಿಗೆ 102. ಇನ್ನು ಜಪಾನಿನ ದಕ್ಷಿಣ ಭಾಗದ ಅಮಾಮಿ ದ್ವೀಪದ ಕಾಡಿನಲ್ಲಿ ಒಂದು ಮುಳ್ಳಿಲಿ ಇದೆ. ಅದರ ಲೆಕ್ಕ 25. ಗಂಡಿಗೂ 25, ಹೆಣ್ಣಿಗೂ 25. ಗಂಡನ್ನು ಗಂಡಾಗಿಸುವ ವೈ ವರ್ಣತಂತುವೇ ಅದರಲ್ಲಿ ಇಲ್ಲ. ಗಂಡು ಹೇಗೆ ಹುಟ್ಟುತ್ತದೆ ಎಂಬ ಒಗಟು ದಶಕಗಳ ಕಾಲ ಕಾಡಿತು. 2022ರಲ್ಲಿ ಜಪಾನಿನ ವಿಜ್ಞಾನಿಗಳು ಬೇರೊಂದು ವರ್ಣತಂತುವಿನ ಮೇಲೆ, ಸಾಕ್ಸ್9 ಎಂಬ ಜೀನ್‌ನ ಹತ್ತಿರ, ಸುಮಾರು 17,000 ಅಕ್ಷರಗಳ ಒಂದು ತುಂಡು ಗಂಡುಗಳಲ್ಲಿ ಮಾತ್ರ ಎರಡು ಪ್ರತಿಯಾಗಿರುವುದನ್ನು ಕಂಡರು. ಆ ತುಂಡು ಸಾಕ್ಸ್9ನ ಸ್ವಿಚ್ಚನ್ನು ಹೆಚ್ಚು ಒತ್ತುತ್ತದೆ. ವೈ ಹೋದರೂ ಗಂಡು ಹೋಗಲಿಲ್ಲ.

ಇದೆಲ್ಲ ಬರೀ ಕುತೂಹಲಕ್ಕೆ ಅಂತ ತಿಳಿಯಬೇಡಿ. ಪಶ್ಚಿಮ ಆಫ್ರಿಕಾದಲ್ಲಿ ಲಾಸಾ ಜ್ವರ ಜನರನ್ನು ಕೊಲ್ಲುತ್ತದೆ. ಅದರ ವೈರಸ್ಸನ್ನು ಮುಖ್ಯವಾಗಿ ಹೊತ್ತಿರುವುದು ಮ್ಯಾಸ್ಟೊಮಿಸ್ ನಟಾಲೆನ್ಸಿಸ್ ಎಂಬ ಇಲಿ. ಅದೇ ಪ್ರದೇಶದಲ್ಲಿ ನೋಡಲು ಹಾಗೇ ಇರುವ ಮ್ಯಾಸ್ಟೊಮಿಸ್ ಎರಿತ್ರೊಲ್ಯೂಕಸ್ ಕೂಡ ಇದೆ. ಕಣ್ಣಿಗೆ ವ್ಯತ್ಯಾಸ ಗೊತ್ತಾಗದು. ವರ್ಣತಂತು ಎಣಿಸಿದರೆ ಮೊದಲನೆಯದಕ್ಕೆ 32, ಎರಡನೆಯದಕ್ಕೆ 38. ಯಾವ ಊರಿನಲ್ಲಿ ಅಪಾಯ ಹೆಚ್ಚು ಎಂದು ಹೇಳಬೇಕಾದರೆ ಅಲ್ಲಿ ಯಾವ ಇಲಿ ಇದೆ ಎಂದು ಖಚಿತವಾಗಿ ತಿಳಿದಿರಬೇಕು.

ನಮ್ಮ ಮಲೆನಾಡಿಗೂ ಈ ಮಾತು ಸಲ್ಲುತ್ತದೆ. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಿತು. ಸತ್ತ ಮಂಗಗಳು ಕಣ್ಣಿಗೆ ಬಿದ್ದವು, ಹೆಸರು ಅವುಗಳಿಗೆ ಅಂಟಿತು. ಆದರೆ ವೈರಸ್ಸು ಉಣ್ಣೆಗಳ ಮೂಲಕ ಕಾಡಿನ ಸಣ್ಣ ಪ್ರಾಣಿಗಳಲ್ಲೂ ಸುತ್ತುತ್ತದೆ. ಇಲಿಯಂತೆ ಕಂಡರೂ ಇಲಿಯಲ್ಲದ ಸುಂಡಿಲಿ, ಬಿಳಿ ಬಾಲದ ಕಾಡಿಲಿ, ಕಪ್ಪು ಇಲಿಯ ಕಾಡಿನ ಬಗೆ, ಇವುಗಳಲ್ಲೆಲ್ಲ ಅದು ಸಿಕ್ಕಿದೆ. ಆ ಕಾಲದ ದಾಖಲೆಗಳಲ್ಲಿ 'ಕಪ್ಪು ಇಲಿ' ಎಂದು ಬರೆದಿದ್ದನ್ನು ಈಗ ಓದುವಾಗ ಪ್ರತಿ ಸಲವೂ ನನ್ನ ಮನಸ್ಸಿನಲ್ಲಿ ಒಂದೇ ಪ್ರಶ್ನೆ: ಇದರ ಲೆಕ್ಕ ಎಷ್ಟಿತ್ತು?

ಸಾತಾರೇಯ ಕತೆಗೆ ವಾಪಸ್ ಬರುತ್ತೇನೆ. ಸಹ್ಯಾದ್ರಿ ಕಾಡಿಲಿ ಎಂದು ಈಗ ಅದನ್ನು ಕರೆಯುತ್ತಾರೆ. ಅದು ಮರಗಳ ಮೇಲ್ಛಾವಣಿಯಲ್ಲಿ ಬದುಕುವ ಪ್ರಾಣಿ. ಪಶ್ಚಿಮ ಘಟ್ಟ ಬಿಟ್ಟು ಬೇರೆಲ್ಲೂ ಇಲ್ಲ. ಸಾತಾರಾ, ಕೊಡಗು, ನೀಲಗಿರಿ ಹೀಗೆ ಒಂದಕ್ಕೊಂದು ಕೂಡದ ತುಂಡು ಕಾಡುಗಳಲ್ಲಿ ಉಳಿದಿದೆ. ಕಪ್ಪು ಇಲಿಯ ಉಪಬಗೆ ಎಂದು ಪಟ್ಟಿಯಲ್ಲಿ ಇರುವವರೆಗೆ ಅದರ ಬಗ್ಗೆ ಯಾರೂ ತಲೆಕೆಡಿಸಿಕೊಳ್ಳುವ ಅಗತ್ಯವೇ ಇರಲಿಲ್ಲ. ಕಪ್ಪು ಇಲಿ ಅಳಿಯುತ್ತದೆ ಎಂದು ಯಾರು ಚಿಂತೆ ಮಾಡುತ್ತಾರೆ? ಈಗ ಅದು ಅಪಾಯದಲ್ಲಿರುವ ಪ್ರಾಣಿಗಳ ಜಾಗತಿಕ ಪಟ್ಟಿಯಲ್ಲಿದೆ. ಸಾತಾರಾದ ಇಲಿಗೂ ನೀಲಗಿರಿಯ ಇಲಿಗೂ ನಡುವೆ ನೂರಾರು ಕಿಲೋಮೀಟರ್, ನಡುವೆ ಊರು, ಹೊಲ, ರಸ್ತೆ. ಇಂಥ ಒಂಟಿ ತುಂಡುಗಳಲ್ಲೇ ಬೆಸುಗೆಗಳು ಹುಟ್ಟಿ ನೆಲೆಯಾಗುವುದು. ಮೂರೂ ಕಡೆಯ ಮರಗಳ ಮೇಲಿನ ಇಲಿಗಳಿಂದ ಒಂದೊಂದು ಹನಿ ಮಜ್ಜೆ ತಂದು ಗಾಜಿನ ಮೇಲೆ ಹರಡಿ ಎಣಿಸುವ ಕೆಲಸ ಕಾದಿದೆ.